ವಂಶಾವಳಿಯಲ್ಲಿ ಕಾಣದ ಹಿರಿಯರು

ನಮ್ಮ ಸಮಾಜದ ಬಹುಪಾಲು ಮನೆಗಳಲ್ಲಿ ವಂಶಾವಳಿ ಎಂಬ ಕಾಗದವು ಪೆಟ್ಟಿಗೆಯಿಂದ ಹೊರಬರುವುದು ಎರಡೇ ಸಂದರ್ಭಗಳಲ್ಲಿ. ಮನೆಯ ಹಿರಿಯರು ಲಿಂಗೈಕ್ಯರಾದ ಮೇಲೆ ಪೌತಿ ಖಾತೆ ಮಾಡಿಸಬೇಕಾದಾಗ ಒಮ್ಮೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಇನ್ನೊಮ್ಮೆ. ಉಳಿದಂತೆ ಅದನ್ನು ಯಾರೂ ಕೇಳುವುದಿಲ್ಲ. ಈಚೆಗೆ ಕೆಲವು ಮನೆಗಳಲ್ಲಿ ಮಕ್ಕಳು ಮೊಮ್ಮಕ್ಕಳು, ಅದರಲ್ಲಿಯೂ ದೂರದೇಶಗಳಲ್ಲಿ ನೆಲೆಸಿದವರು, ‘ನಮ್ಮ ಹಿಂದಿನವರು ಯಾರು, ಎಲ್ಲಿಂದ ಬಂದವರು’ ಎಂದು ವಿಚಾರಿಸತೊಡಗಿದ್ದಾರೆ. ಆಗ ಆ ಕಾಗದವನ್ನು ಬಿಚ್ಚಿ ನೋಡಿದರೆ, ಮೂರು ನಾಲ್ಕು ತಲೆಮಾರು ಹಿಂದಕ್ಕೆ ಹೋಗುವಷ್ಟರಲ್ಲಿ ಯಾವುದಾದರೂ ಒಂದು ಗೆರೆ ನಡುವೆಯೇ ನಿಂತಿರುತ್ತದೆ. ಗೆರೆಯ ತುದಿಗೆ ಹೆಸರಿಲ್ಲ. ಹೆಸರಿದ್ದರೆ ಮುಂದೆ ಸಂತತಿಯಿಲ್ಲ. ‘ಇಂಥವರು ಏನಾದರು’ ಎಂದು ಕೇಳಿದರೆ ‘ಎಲ್ಲಿಗೋ ಹೋದರಂತೆ’ ಎಂಬ ಉತ್ತರವಷ್ಟೇ ದೊರೆಯುತ್ತದೆ.

ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿಯೂ ಅಂಥದೊಂದು ಕಾಗದವಿದೆ. ಅಜ್ಜನವರು ತಮ್ಮ ಸಹೋದರರಿಂದ ಬೇರೆಯಾದ ಬಹುಧಾನ್ಯ ಸಂವತ್ಸರದಲ್ಲಿ, ಎಂದರೆ 1938ರಲ್ಲಿ, ಸ್ವಹಸ್ತದಿಂದ ಬರೆದದ್ದು. ಅದರಲ್ಲಿ ಮುತ್ತಜ್ಜನವರ ತಂದೆಯ ಹೆಸರಿನಿಂದ ಎರಡು ಗೆರೆಗಳು ಇಳಿದಿವೆ. ಒಂದು ಮುತ್ತಜ್ಜನವರಿಗೆ ಬಂದು, ಅಲ್ಲಿಂದ ನಮ್ಮವರೆಗೂ ಕವಲೊಡೆದಿದೆ. ಎರಡನೆಯದು ಒಂದು ಅಂಗುಲ ಇಳಿದು ನಿಂತುಬಿಟ್ಟಿದೆ. ಹೆಸರಿಲ್ಲ. ತೊಂಬತ್ತರ ಸಮೀಪದಲ್ಲಿರುವ ನಮ್ಮ ಸೋದರತ್ತೆಯವರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ನಮ್ಮಪ್ಪಗ ಒಬ್ಬ ಚಿಕ್ಕಪ್ಪ ಇದ್ದ ಕಣಪ್ಪಾ. ಬರದಾಗ ಹೊಳಿ ದಾಟಿ ಹೋದ. ಅಷ್ಟೇ ನಾ ಕೇಳಿದ್ದು.”

ಈ ಒಂದು ವಾಕ್ಯದಲ್ಲಿ ‘ಬರ’ ಮತ್ತು ‘ಹೊಳೆ’ ಎಂಬ ಎರಡು ಸುಳಿವುಗಳಿವೆ. ನಮ್ಮ ಭಾಗದ ಮನೆತನಗಳ ಚರಿತ್ರೆಯನ್ನು ಹುಡುಕುವವರಿಗೆ ಇವೆರಡೂ ಪದೇಪದೇ ಎದುರಾಗುವ ಮಾತುಗಳಾದುದರಿಂದ ಅವನ್ನು ತುಸು ವಿಸ್ತಾರವಾಗಿಯೇ ನೋಡಬೇಕು.

ಬರ ಎಂದು ವಯೋವೃದ್ಧರು ವಿಶೇಷಣವಿಲ್ಲದೆ ಹೇಳಿದರೆ ಅದು ಬಹುಮಟ್ಟಿಗೆ ಧಾತು ಈಶ್ವರದ ಬರವೇ. 1876ರಲ್ಲಿ ಆರಂಭವಾಗಿ 1878ರವರೆಗೆ ಮುಂದುವರಿದ ಮಹಾಕ್ಷಾಮ ಅದು. ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ 50,55,412 ಜನರಿದ್ದರು. 1881ರ ಗಣತಿಯ ವೇಳೆಗೆ ಉಳಿದವರು 41,86,188. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಕುಗ್ಗಿತ್ತು. ಆ ಕಾಲದಲ್ಲಿ ಹಸಿವಿನಿಂದ ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ, ನೆಂಟರ ಮನೆಗೆ ಮಕ್ಕಳನ್ನು ಒಪ್ಪಿಸಿದವರೆಷ್ಟೋ. ಸತ್ತವರನ್ನೂ ಹೋದವರನ್ನೂ ಒಂದೇ ಮಾತಿನಲ್ಲಿ ‘ಬರದಾಗ ಹೋದ’ ಎನ್ನುವುದು ರೂಢಿಯಾಯಿತು. ಮುಂದಿನ ತಲೆಮಾರು ಅದನ್ನು ಮರಣವೆಂದೇ ತಿಳಿಯಿತು. ಆದರೆ ‘ಹೊಳೆ ದಾಟಿ’ ಎಂಬ ಮಾತು ಜೊತೆಗಿದ್ದರೆ ಅದು ಸಾವಲ್ಲವೆಂಬ ಸಂಶಯಕ್ಕೆ ಎಡೆಯುಂಟು.

ಇನ್ನು ಹೊಳೆಯ ಮಾತು. ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ನಿಂತು ನೋಡುವ ಇಂದಿನ ತರುಣರಿಗೆ ಆಚೆಯ ದಡವೆಂದರೆ ರಾಣೇಬೆನ್ನೂರಿನ ರಸ್ತೆ, ಬಸ್ಸಿನಲ್ಲಿ ಅರ್ಧ ಗಂಟೆ. ಆದರೆ 1956ರ ನವೆಂಬರ್ 1ರವರೆಗೆ ಆ ನೀರು ಒಂದು ಗಡಿಯಾಗಿತ್ತು. ಈಚೆಗೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ಆಚೆಗೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಉತ್ತರಕ್ಕೆ ಸರಿದರೆ ಹರಪನಹಳ್ಳಿ. ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂದಿತು. ಹೀಗೆ ಎತ್ತಿನ ಗಾಡಿಯಲ್ಲಿ ಒಂದು ಒಂದೂವರೆ ದಿನದ ಹಾದಿಯೊಳಗೆ ಮೂರು ಸರ್ಕಾರಗಳು, ಮೂರು ಬಗೆಯ ಲೆಕ್ಕಪತ್ರಗಳು. ಹೆಣ್ಣು ಕೊಡುವುದು ತರುವುದು, ಜಾತ್ರೆಗೆ ಹೋಗುವುದು, ದನ ಮಾರುವುದು ಮೊದಲಾದುವುಗಳಿಗೆ ಈ ಗಡಿ ಎಂದೂ ಅಡ್ಡಬರಲಿಲ್ಲ. 1868ರಲ್ಲಿ ಹರಿಹರದ ಸೇತುವೆ ಮುಗಿದ ಮೇಲೆ ಗಾಡಿಗಳೂ ಸರಾಗವಾಗಿ ದಾಟಿದವು. ಅಡ್ಡಬಂದುದು ಕಾಗದಕ್ಕೆ ಮಾತ್ರ. ಮೈಸೂರಿನ ಶಾನುಭೋಗರ ಪುಸ್ತಕದಲ್ಲಿದ್ದ ಒಬ್ಬ ಮನುಷ್ಯ ಹೊಳೆ ದಾಟಿದನೆಂದರೆ ಆ ಪುಸ್ತಕಕ್ಕೆ ಅವನು ಸತ್ತಂತೆಯೇ. ಧಾರವಾಡ ಸೀಮೆಯ ಕುಲಕರ್ಣಿಯ ಪುಸ್ತಕದಲ್ಲಿ ಅವನು ಅಲ್ಲಿಯೇ ಹುಟ್ಟಿದಂತೆ ಕಾಣಿಸಿಕೊಳ್ಳುತ್ತಾನೆ. ಒಬ್ಬನೇ ವ್ಯಕ್ತಿಯ ಅರ್ಧ ಆಯುಷ್ಯ ಒಂದು ಕಚೇರಿಯಲ್ಲಿ, ಇನ್ನರ್ಧ ಇನ್ನೊಂದರಲ್ಲಿ.

ಕಾಗದದ ಹೆಸರುಗಳೂ ಬೇರೆ. ನಾವು ಪಹಣಿ ಎನ್ನುವುದನ್ನು ಅವರು ಉತಾರವೆನ್ನುತ್ತಾರೆ. ನಮ್ಮ ಪೌತಿ ಖಾತೆ ಅವರಲ್ಲಿ ವಾರಸಾ. ಹರಪನಹಳ್ಳಿಯ ಕಡೆ ಹಳೆಯ ಕಾಗದಗಳಲ್ಲಿ ಅಡಂಗಲ್, ಪಟ್ಟಾ ಎಂಬ ಮಾತುಗಳಿದ್ದು, ವರ್ಷವನ್ನು ಫಸಲಿಯಲ್ಲಿ ಕೊಟ್ಟಿರುತ್ತದೆ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. ಫಸಲಿ 1287 ಎಂದಿದ್ದರೆ ಅದು 1877–78, ಎಂದರೆ ಬರಗಾಲದ ನಡುವರ್ಷ. ಮನೆಯ ಕಾಗದಗಳಲ್ಲಿ ಶಾಲಿವಾಹನ ಶಕೆ ಇದ್ದರೆ 78 ಕೂಡಿಸಬೇಕು. ಬರಿಯ ಸಂವತ್ಸರದ ಹೆಸರಿದ್ದರಂತೂ ಬಹಳ ಎಚ್ಚರ ಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಧಾತು ಎಂದರೆ 1876 ಆಗಬಹುದು, 1936 ಆಗಬಹುದು, 1996 ಸಹ ಆಗಬಹುದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದ ಈ ಅರವತ್ತು ವರ್ಷಗಳ ಗೊಂದಲ ಇನ್ನೂ ಹೆಚ್ಚಾಗುತ್ತದೆ. ಅದೇ ಹೆಸರು, ಅದೇ ಊರು, ಅದೇ ಸಂವತ್ಸರ, ಆದರೆ ಮನುಷ್ಯರು ಇಬ್ಬರು. ಎಷ್ಟೋ ಮನೆಗಳಲ್ಲಿ ಹೀಗೆ ಇಬ್ಬರು ಒಬ್ಬರಾಗಿ, ನಡುವಣ ತಲೆಮಾರುಗಳೇ ನುಂಗಿಹೋಗಿರುತ್ತವೆ.

ಅಡ್ಡಹೆಸರನ್ನು ನಂಬಿ ಹೊರಡುವವರಿಗೂ ಒಂದು ಮಾತು. ದಾವಣಗೆರೆಯಲ್ಲಿ ಹೆಸರಾದ ಮನೆತನಗಳನ್ನೇ ನೋಡಿರಿ: ಶಾಮನೂರು, ಚಿಗಟೇರಿ, ಅಥಣಿ. ಒಂದು ಪಕ್ಕದ ಊರು, ಒಂದು ಹರಪನಹಳ್ಳಿ ತಾಲ್ಲೂಕಿನದು, ಇನ್ನೊಂದು ಬೆಳಗಾವಿ ಜಿಲ್ಲೆಯದು. ಪೇಟೆಗೆ ಬಂದವರನ್ನು ಪೇಟೆಯವರು ಅವರು ಬಿಟ್ಟುಬಂದ ಊರಿನ ಹೆಸರಿನಿಂದ ಕರೆದರು. ಈ ಪೇಟೆಯೇ ಹಾಗೆ ಬಂದವರಿಂದ ಆದದ್ದು. ಬೇತೂರಿಗೆ ಸೇರಿದ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿಯು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಆ ವರ್ತಕರಲ್ಲಿ ನಮ್ಮವರೇ ಹೆಚ್ಚು. ಆದುದರಿಂದ ಊರಿನ ಹೆಸರುಳ್ಳ ಮನೆಯವರಿಗೆ ಒಂದು ಅನುಕೂಲವುಂಟು; ಹಿಂದಿನ ಊರು ಯಾವುದೆಂದು ಹೆಸರೇ ಹೇಳುತ್ತದೆ. ಆದರೆ ಊರಿನಲ್ಲಿಯೇ ಉಳಿದ ದಾಯಾದಿಗಳಿಗೆ ಆ ಅಡ್ಡಹೆಸರು ಇರುವುದಿಲ್ಲ. ತಮ್ಮ ಊರಿನಲ್ಲಿ ತಮ್ಮನ್ನು ಯಾರು ಊರಿನ ಹೆಸರಿನಿಂದ ಕರೆದಾರು? ಹೀಗಾಗಿ ಒಂದೇ ರಕ್ತದ ಎರಡು ಮನೆಗಳಿಗೆ ಎರಡು ಅಡ್ಡಹೆಸರುಗಳಾಗಿ, ಮೂರನೆಯ ತಲೆಮಾರಿಗೆ ಸಂಬಂಧವೇ ತಿಳಿಯದಾಗುತ್ತದೆ.

ಹೆಸರಿಗಿಂತ ಹೆಚ್ಚು ಕಾಲ ನಿಲ್ಲುವುದು ಮನೆದೇವರು. ಊರು ಬದಲಾಗಲಿ, ಕಸುಬು ಬದಲಾಗಲಿ, ಗೊಡಚಿಯ ವೀರಭದ್ರನ ಒಕ್ಕಲು ವೀರಭದ್ರನಿಗೇ ನಡೆದುಕೊಳ್ಳುತ್ತದೆ. ಕೊಟ್ಟೂರಿನ ಬಸವೇಶ್ವರನ ಒಕ್ಕಲು ತೇರಿಗೆ ಪಾದಯಾತ್ರೆ ಹೋಗದೆ ಇರುವುದಿಲ್ಲ. ಸುತ್ತಲಿನ ಮನೆಗಳೆಲ್ಲ ಒಂದು ಮಠದ ಭಕ್ತರಾಗಿದ್ದು, ನಡುವೆ ಒಂದೇ ಮನೆ ಬೇರೊಂದು ಮಠಕ್ಕೆ ನಡೆದುಕೊಳ್ಳುತ್ತಿದ್ದರೆ ಆ ಮನೆಯವರು ಹೊರಗಿನಿಂದ ಬಂದವರೆಂದು ತಿಳಿಯಲು ಬೇರೆ ಸಾಕ್ಷಿ ಅಷ್ಟಾಗಿ ಬೇಕಿಲ್ಲ.

ನಮ್ಮಲ್ಲಿ ಮೃತರನ್ನು ಹೂಳುವ ಪದ್ಧತಿಯಿರುವುದೂ ಹುಡುಕುವವರಿಗೆ ಒಂದು ಸಹಾಯ. ಸ್ವಂತ ಹೊಲದ ಬದುವಿನಲ್ಲಿ ಹಿರಿಯರ ಸಮಾಧಿಗಳಿದ್ದರೆ ಅವನ್ನು ಎಣಿಸಬಹುದು. ಯಾರ ಪಕ್ಕದಲ್ಲಿ ಯಾರು ಎಂದು ಕೇಳಬಹುದು. ಆದರೆ 1960ರ ದಶಕದಿಂದೀಚೆಗೆ ಭದ್ರಾ ನಾಲೆಯ ನೀರು ಹರಿದು ಜೋಳದ ಹೊಲಗಳು ಭತ್ತದ ಗದ್ದೆಗಳಾದಾಗ ನೆಲ ಸಮಮಾಡುವ ಭರದಲ್ಲಿ ಎಷ್ಟೋ ಗುರುತಿನ ಕಲ್ಲುಗಳು ಹೋದವು. ನಮ್ಮ ಹೊಲದಲ್ಲಿ ಉಳಿದಿರುವುದು ನಾಲ್ಕು. ಅವುಗಳಲ್ಲಿ ಚಿಕ್ಕಮುತ್ತಜ್ಜನದು ಇಲ್ಲವೆಂದು ಊರಿನ ಹಿರಿಯರೆಲ್ಲ ಒಮ್ಮತದಿಂದ ಹೇಳಿದರು. ಸತ್ತಿದ್ದರೆ ಸಮಾಧಿ ಇರಬೇಕಾಗಿತ್ತು ಎಂದು ಇದರಿಂದ ಸಾಧಿಸಲಾಗುವುದಿಲ್ಲ. ಬರಗಾಲದಲ್ಲಿ ಎಲ್ಲರಿಗೂ ಕಲ್ಲು ನಿಲ್ಲಿಸುವ ಚೈತನ್ಯ ಯಾರಿಗಿತ್ತು?

ಕಟ್ಟಕಡೆಗೆ ದಾರಿ ತೋರಿಸಿದ್ದು ನಾವು ಕಾಗದವೆಂದೇ ಎಣಿಸದಿದ್ದ ಒಂದು ಕಾಗದ. ಅಜ್ಜನವರ ಮದುವೆಯ ಮುಯ್ಯಿ ಪಟ್ಟಿ. ಮದುವೆಯಲ್ಲಿ ಯಾರು ಏನು ಉಡುಗೊರೆ ಮಾಡಿದರೆಂದು ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯದಲ್ಲಿ ತಿರುಗಿ ಸಲ್ಲಿಸುವುದು ನಮ್ಮ ಹಳೆಯ ಸಂಪ್ರದಾಯ. ಈ ಪಟ್ಟಿಗಳನ್ನು ಜನ ಬಹುಕಾಲ ಜೋಪಾನ ಮಾಡುತ್ತಿದ್ದರು, ಏಕೆಂದರೆ ಅದೊಂದು ಸಾಲದ ಲೆಕ್ಕ. ನಮ್ಮ ಮನೆಯ ಪಟ್ಟಿಯ ತಲೆಯ ಮೇಲೆ ‘ಪರೀಧಾವಿ ಸಂವತ್ಸರ’ ಎಂದಿದೆ. ಪರೀಧಾವಿ ಬಂದದ್ದು 1852ರಲ್ಲಿ, 1912ರಲ್ಲಿ, 1972ರಲ್ಲಿ. ಮದುಮಗ 1852ರಲ್ಲಿ ಹುಟ್ಟಿಯೇ ಇರಲಿಲ್ಲ. 1972ರಲ್ಲಿ ಮೊಮ್ಮಕ್ಕಳನ್ನು ಕಂಡಾಗಿತ್ತು. ಆದ್ದರಿಂದ 1912. ಪಟ್ಟಿಯ ತುಂಬ ನಾಲ್ಕಾಣೆ, ಎಂಟಾಣೆ, ಒಂದು ಕುಪ್ಪಸದ ಕಣ, ಹೆಚ್ಚೆಂದರೆ ಒಂದು ರೂಪಾಯಿ. ಆದರೆ ಮೇಲಿನಿಂದ ಎರಡನೆಯ ಸಾಲಿನಲ್ಲಿ, ಮನೆಯವರ ನಂತರ, ಸೋದರಮಾವನಿಗಿಂತಲೂ ಮೊದಲು, ನಮ್ಮಲ್ಲಿ ಯಾರೂ ಕೇಳರಿಯದ ಒಂದು ಹೆಸರು. ಹೊಳೆಯಾಚೆಯ ರಾಣೇಬೆನ್ನೂರು ಸೀಮೆಯ ಒಂದು ಹಳ್ಳಿಯ ಹೆಸರು. ಮುಂದೆ ‘ಸೀರೆ 1, ಪಂಚೆ 1, ರೂ. 5’ ಎಂದು ಬರೆದಿದೆ.

ಸೋದರಮಾವನಿಗಿಂತ ಮೊದಲು ಉಡುಗೊರೆ ಮಾಡುವ ಅಧಿಕಾರ ಮದುಮಗನ ತಂದೆಯ ಒಡಹುಟ್ಟಿದವರಿಗಲ್ಲದೆ ಇನ್ನಾರಿಗಿದ್ದೀತು?

ಊರಿನ ಹೆಸರು ಸಿಕ್ಕಮೇಲೆ ಹೆಳವರನ್ನು ಕೇಳುವುದು ಸುಲಭವಾಯಿತು. ಇಂದಿನ ಮಕ್ಕಳಿಗೆ ಹೆಳವರ ಪರಿಚಯವಿಲ್ಲದಿರುವುದರಿಂದ ಒಂದೆರಡು ಮಾತು ಬರೆಯಬೇಕು. ಹೆಳವನೆಂದರೆ ಕಾಲಿಲ್ಲದವನು ಎಂದರ್ಥ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಬೆಳಗಿನ ಜಾವದಲ್ಲಿ ಮನೆಯ ಮುಂದೆ ನಿಂತು ಆ ಮನೆಯ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೇಳುವುದು ಅವರ ಕುಲವೃತ್ತಿ. ಮೂಲ ಯಾವ ಊರು, ಬೆಡಗು ಯಾವುದು, ಅಲ್ಲಿಂದ ಎಲ್ಲಿಗೆ ಬಂದರು, ಯಾರಿಗೆ ಎಷ್ಟು ಮಕ್ಕಳು ಎಂಬುದೆಲ್ಲ ಅವರ ಪುಸ್ತಕಗಳಲ್ಲಿರುತ್ತದೆ. ಕಾಳು, ಹಣ, ಬಟ್ಟೆ, ಕೆಲವೆಡೆ ದನಕರು ಅವರಿಗೆ ಸಲ್ಲುವ ದಾನ. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಊರುಗಳು, ಇಂತಿಂಥ ಒಕ್ಕಲುಗಳು ಎಂದು ಹಕ್ಕಿನ ಹಂಚಿಕೆಯಿದ್ದು, ಅದು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಸರ್ಕಾರದ ಕಂದಾಯದ ಪುಸ್ತಕ ಭೂಮಿಯಿದ್ದವನ ಹೆಸರನ್ನಷ್ಟೇ ಬಲ್ಲದು. ಹೆಳವನ ಪುಸ್ತಕ ಭೂಮಿಯಿಲ್ಲದವನನ್ನೂ ಬಲ್ಲದು. ಈ ಕಾರಣಕ್ಕಾಗಿಯೇ ಅವರನ್ನು ಭಿಕ್ಷುಕರೆಂದು ಬಾಗಿಲಿನಿಂದಲೇ ಕಳುಹಿಸುವುದು ನನಗೆ ಸರಿಕಾಣುವುದಿಲ್ಲ.

ಆದರೆ ಅವರ ಪುಸ್ತಕಕ್ಕೂ ಒಂದು ಎಲ್ಲೆಯಿದೆ. ಹೆಳವನು ಹಳ್ಳಿಗೆ ಬರುತ್ತಾನೆ; ಕೆ.ಬಿ. ಬಡಾವಣೆಯ ಅಡ್ಡರಸ್ತೆಗಳಿಗೆ ಬರುವುದಿಲ್ಲ. ಪೇಟೆ ಸೇರಿದ ಮನೆಗಳು ಅವನ ಪುಸ್ತಕದಲ್ಲಿ ‘ದಾವಣಗೆರೆಗೆ ಹೋದರು’ ಎಂಬಲ್ಲಿಗೆ ನಿಲ್ಲುತ್ತವೆ. ನಮ್ಮ ಊರಿಗೆ ಬರುವ ಹೆಳವರನ್ನು ಸುಗ್ಗಿ ಮುಗಿದ ಮೇಲೆ ದಾಯಾದಿಗಳ ಮನೆಯಲ್ಲಿ ಕಂಡೆವು. ಅವರ ಪುಸ್ತಕದಲ್ಲಿ ಮುತ್ತಜ್ಜನಿಗೆ ಒಬ್ಬ ತಮ್ಮನಿದ್ದನೆಂದೂ, ಅವನು ಹೊಳೆಯಾಚೆ ಅತ್ತೆಯ ಮನೆಗೆ ಹೋದನೆಂದೂ ಇತ್ತು. ಅಲ್ಲಿಂದ ಮುಂದಿಲ್ಲ. “ಅದು ನಮ್ಮ ಹಕ್ಕಿನ ಊರಲ್ಲ ಬುದ್ಧೀ” ಎಂದರು. ಆಚೆಯ ಊರಿನ ಹೆಳವರು ಬೇರೆ. ಅವರು ಸಿಕ್ಕಲು ಮತ್ತೊಂದು ವರ್ಷ ಹಿಡಿಯಿತು. ಅವರ ಪುಸ್ತಕದಲ್ಲಿ ಮುಯ್ಯಿ ಪಟ್ಟಿಯಲ್ಲಿದ್ದ ಅದೇ ಹೆಸರಿನ ಮುಂದೆ ‘ದತ್ತು’ ಎಂದೂ, ಅವನು ಹುಟ್ಟಿದ ಊರು ನಮ್ಮದೆಂದೂ ಬರೆದಿತ್ತು. ಎರಡು ಪುಸ್ತಕಗಳು ಒಂದಕ್ಕೊಂದು ಕೊಂಡಿಯಂತೆ ಕೂಡಿದವು.

ನಡೆದದ್ದು ಇಷ್ಟು. ಮುತ್ತಜ್ಜನ ಸೋದರತ್ತೆಯನ್ನು ಹೊಳೆಯಾಚೆಗೆ ಕೊಟ್ಟಿತ್ತು. ಅವರಿಗೆ ಮಕ್ಕಳಿರಲಿಲ್ಲ. ಬರ ಹೊಳೆಯ ಎರಡೂ ದಡಗಳಿಗೆ ಬಂದಿತ್ತು. ಧಾರವಾಡ ಸೀಮೆಯೇನೂ ಸುಭಿಕ್ಷವಾಗಿರಲಿಲ್ಲ. ಆದರೆ ಮಕ್ಕಳಿಲ್ಲದ ಮನೆಯಲ್ಲಿ ಒಂದು ಬಾಯಿಗೆ ಗಂಜಿ ಹುಟ್ಟುತ್ತಿತ್ತು. ಹತ್ತು ವರ್ಷದ ಹುಡುಗನನ್ನು ಅತ್ತೆ ಕರೆದೊಯ್ದರು. ಮುಂದೆ ದತ್ತು ತೆಗೆದುಕೊಂಡರು. ಹೆಸರನ್ನೂ ಆ ಮನೆಯ ಹಿರಿಯರ ಹೆಸರಿಗೆ ಬದಲಾಯಿಸಿದರು. ಉತಾರದಲ್ಲಿ ಅವರ ತಂದೆಯ ಹೆಸರೆಂದು ಇರುವುದು ದತ್ತಕ ತಂದೆಯ ಹೆಸರೇ. ಸರ್ಕಾರಿ ಕಾಗದವನ್ನಷ್ಟೇ ಹಿಡಿದು ಹುಡುಕಿದ್ದರೆ ನೂರು ವರ್ಷವಾದರೂ ಅವರು ಸಿಕ್ಕುತ್ತಿರಲಿಲ್ಲ.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಚಿಕ್ಕಮುತ್ತಜ್ಜ 1877ರಲ್ಲಿ ಕಾಣೆಯಾದವರಲ್ಲ. 1912ರಲ್ಲಿ ಅವರು ಅಣ್ಣನ ಮಗನ ಮದುವೆಗೆ ಸೀರೆ ಪಂಚೆ ಹಿಡಿದು ಬಂದಿದ್ದಾರೆ. ಅವರು ಯಾರೆಂದು ಅಂದು ಚಪ್ಪರದಲ್ಲಿದ್ದವರಿಗೆಲ್ಲ ತಿಳಿದಿತ್ತು. ಅವರು ಕಾಣೆಯಾದದ್ದು 1938ರಲ್ಲಿ, ಅಜ್ಜನವರು ಪಾಲಿಗಾಗಿ ವಂಶಾವಳಿ ಬರೆಯಲು ಕುಳಿತಾಗ. ದತ್ತು ಹೋದವನಿಗೆ ಹುಟ್ಟಿದ ಮನೆಯ ಆಸ್ತಿಯಲ್ಲಿ ಭಾಗವಿಲ್ಲ; ಭಾಗವಿಲ್ಲದವನ ಹೆಸರು ಪಾಲುಪಟ್ಟಿಯ ವಂಶಾವಳಿಗೆ ಬೇಕಿಲ್ಲ. ಆದರೂ ಅಜ್ಜನವರು ಗೆರೆಯನ್ನು ಎಳೆದಿದ್ದಾರೆ. ಹೆಸರು ಬರೆಯಲು ಕೈಹೋಗಿ, ಇದು ಈ ಕಾಗದಕ್ಕೆ ಸಲ್ಲದೆಂದು ಹಿಂದೆಗೆದಿರಬೇಕು ಎಂದು ನನ್ನ ಊಹೆ. ಅಜ್ಜನವರಿಗೆ ತಿಳಿದಿದ್ದುದರಿಂದ ಬರೆಯಲಿಲ್ಲ. ಅವರು ಬರೆಯದುದರಿಂದ ನಮಗೆ ತಿಳಿಯಲಿಲ್ಲ.

ಮಠಕ್ಕೆ ಮರಿಯಾಗಿ ಬಿಟ್ಟ ಬಾಲಕರ ವಿಷಯವೂ ಇಂಥದೇ. ಪಟ್ಟವಾದ ಮೇಲೆ ಹೊಸ ಹೆಸರು, ಪೂರ್ವಾಶ್ರಮದ ಮಾತೆತ್ತುವಂತಿಲ್ಲ. ಮನೆಯ ವಂಶಾವಳಿಯಲ್ಲಿ ಅವರ ಗೆರೆ ನಿಲ್ಲುತ್ತದೆ; ಮಠದ ಗುರುಪರಂಪರೆಯಲ್ಲಿ ತಾಯ್ತಂದೆಗಳ ಹೆಸರಿರುವುದು ಅಪರೂಪ. ಎರಡನ್ನೂ ಕೂಡಿಸಬಲ್ಲ ವೃದ್ಧರು ಇದ್ದಾಗಲೇ ಕೇಳಿಕೊಳ್ಳುವುದು ಒಳಿತು.

ಈ ಶೋಧಕ್ಕೆ ನಮ್ಮ ಮನೆಯಲ್ಲಿ ಎಲ್ಲರ ಸಮ್ಮತಿಯೂ ಇತ್ತೆಂದು ಹೇಳಲಾರೆ. ದೊಡ್ಡಣ್ಣನವರು ಮೊದಲಿನಿಂದಲೂ ಬೇಡವೆಂದರು. “ಇದ್ದವರಿಗೇ ಹಂಚಿ ಮುಗಿಯವಲ್ದು. ಇಲ್ಲದವರನ್ನ ಯಾಕೆ ಎಬ್ಬಿಸಿಕೊಂಡು ಬರ್ತೀಯ?” ಎಂದು ಕೇಳಿದರು. ಹೊಸದೊಂದು ಕವಲು ಸಿಕ್ಕಿದರೆ ನಾಳೆ ಅವರು ಪಾಲು ಕೇಳಬಂದಾರೆಂಬ ಭಯ. ಇದು ಅವರೊಬ್ಬರ ಭಯವಲ್ಲ. ಭೂಮಿಯ ಬೆಲೆ ಏರಿದಂತೆಲ್ಲ ನಮ್ಮ ಅನೇಕ ಮನೆಗಳಲ್ಲಿ ಹಳೆಯ ಕಾಗದಗಳನ್ನು ಬಿಚ್ಚಲು ಜನ ಹಿಂಜರಿಯುವುದು ಇದರಿಂದಲೇ. ಈ ಸಂಶಯ ಪರಿಹಾರವಾಗಬೇಕು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯು ತನ್ನ ವ್ಯಾಪ್ತಿಯಲ್ಲಿ ವೀರಶೈವ ಮತ್ತು ಲಿಂಗಾಯತರನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಅದರಂತೆ ದತ್ತಕವಾದ ದಿನದಿಂದ ಮಗುವಿಗೆ ಹುಟ್ಟಿದ ಕುಟುಂಬದೊಡನೆ ಇರುವ ಸಂಬಂಧ ಕಡಿದು, ದತ್ತಕ ಕುಟುಂಬದ ಸಂಬಂಧ ಏರ್ಪಡುತ್ತದೆ. ದತ್ತಕಕ್ಕೆ ಮೊದಲೇ ಆ ಮಗುವಿನ ಪಾಲಿಗೆ ಬಂದಿದ್ದ ಸ್ವತ್ತು ಮಾತ್ರ ಅದರದಾಗಿ ಉಳಿಯುತ್ತದೆ. ಹಿಂದಿನ ಧರ್ಮಶಾಸ್ತ್ರದ ನಿಯಮದಲ್ಲಿಯೂ ದತ್ತು ಹೋದವನಿಗೆ ಜನಕ ತಂದೆಯ ಆಸ್ತಿಯಲ್ಲಿ ಹಕ್ಕಿರಲಿಲ್ಲ. ನಿಜವಾದ ವ್ಯಾಜ್ಯವಿದ್ದವರು ವಕೀಲರನ್ನು ಕಾಣಬೇಕು; ನೆಂಟಸ್ತಿಕೆಯನ್ನು ಗುರುತಿಸಿದ ಮಾತ್ರಕ್ಕೆ ಪಾಲು ಹುಟ್ಟುವುದಿಲ್ಲವೆಂಬುದಷ್ಟು ತಿಳಿದಿದ್ದರೆ ಸಾಕು.

ಆಚೆಯ ಮನೆಯವರನ್ನು ಕಾಣಲು ನಾವು ಹೋದಾಗ ಅವರಿಗೂ ಇದೇ ಅಳುಕು ಇದ್ದಂತೆ ತೋರಿತು. ಮೊದಲ ಅರ್ಧ ಗಂಟೆ ಮಾತು ಮಳೆ ಬೆಳೆಯ ಸುತ್ತಲೇ ಇತ್ತು. ಆಮೇಲೆ ಆ ಮನೆಯ ಹಿರಿಯರು ಎದ್ದು ನಮ್ಮನ್ನು ದೇವರ ಕೋಣೆಗೆ ಕರೆದೊಯ್ದರು. ಅಲ್ಲಿ ಎರಡು ಮನೆದೇವರುಗಳ ಪಟಗಳಿದ್ದವು. ಒಂದು ಅವರ ಮನೆತನದ್ದು. ಇನ್ನೊಂದು ನಮ್ಮದು. “ಇದಕ್ಕ ಯಾಕ ನಡಕೋತೀವಿ ಅಂತ ನಮಗ ಗೊತ್ತಿದ್ದಿಲ್ಲರಿ. ಮುತ್ಯಾ ಬಿಡಬ್ಯಾಡ್ರಿ ಅಂದಿದ್ನಂತ, ಬಿಟ್ಟಿಲ್ಲ” ಎಂದರು. ದೊಡ್ಡಣ್ಣನವರು ಆ ದಿನ ನಮ್ಮೊಡನೆ ಬಂದಿರಲಿಲ್ಲ. ಮರುತಿಂಗಳು ಅವರ ಮನೆಯಲ್ಲಿ ಶಿವಗಣಾರಾಧನೆಗೆ ಕರೆ ಬಂದಾಗ ತಾವೇ ಹೊರಟರು.

ಇನ್ನು ಹೆಣ್ಣುಮಕ್ಕಳ ಮಾತು. ದತ್ತು ಹೋದವನ ಹೆಸರು ಯಾವ ಕಾರಣಕ್ಕೆ ಬಿಟ್ಟುಹೋಯಿತೋ ಅದೇ ಕಾರಣಕ್ಕೆ ನಮ್ಮ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳಿಲ್ಲ. ಪಾಲಿಲ್ಲ, ಆದ್ದರಿಂದ ಹೆಸರಿಲ್ಲ. ನಮಗೆ ಈ ಕಥೆಯ ಎಳೆಯನ್ನು ಕೊಟ್ಟ ಸೋದರತ್ತೆಯವರ ಹೆಸರೂ ಆಮೇಲೆ ತಿದ್ದಿ ಬರೆದ ಪ್ರತಿಗಳಲ್ಲಿ ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯಾಗಿತ್ತು. ಕರ್ನಾಟಕವು 1994ರ ಜುಲೈ 30ರಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಜನ್ಮತಃ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಆ ದಿನ ತಂದೆ ಜೀವಂತವಾಗಿರಬೇಕೆಂಬ ನಿಬಂಧನೆಯೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರ ತೀರ್ಪಿನಲ್ಲಿ 스ಪಷ್ಟಪಡಿಸಿದೆ. ಆದುದರಿಂದ ಈಗ ವಂಶವೃಕ್ಷದ ದೃಢೀಕರಣಕ್ಕೆ ಅರ್ಜಿ ಕೊಡುವವರು ಹೆಣ್ಣುಮಕ್ಕಳ ಹೆಸರನ್ನು ಬಿಟ್ಟರೆ ಅದು ಮರೆವೆನಿಸುವುದಿಲ್ಲ, ಮರೆಮಾಚಿದಂತಾಗುತ್ತದೆ. ಮದುವೆಯಾಗಿ ಹೋದವರಾಗಲಿ, ತೀರಿಕೊಂಡವರಾಗಲಿ, ಎಲ್ಲರ ಹೆಸರೂ ಇರಬೇಕು.

ಹುಡುಕಲು ಹೊರಡುವ ಸೋದರ ಸೋದರಿಯರಿಗೆ ಅನುಭವದಿಂದ ಒಂದೆರಡು ಸೂಚನೆ. ಕಚೇರಿಯಿಂದ ಆರಂಭಿಸಬೇಡಿರಿ; ಮನೆಯ ಅಟ್ಟದಿಂದ ಆರಂಭಿಸಿರಿ. ಮುಯ್ಯಿ ಪಟ್ಟಿಗಳು, ಲಗ್ನಪತ್ರಿಕೆಗಳು, ಅಂಗಡಿಯ ರೋಕಡ ಮತ್ತು ಖಾತೆ ಪುಸ್ತಕಗಳು, ಹಂಡೆ ಕೊಪ್ಪರಿಗೆಗಳ ಕಂಠದ ಮೇಲೆ ಕೊರೆಸಿದ ಹೆಸರುಗಳು, ಇವೆಲ್ಲ ದಾಖಲೆಗಳೇ. ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಓದಿರಿ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಕೈಬರಹದ ಪಹಣಿ, ಹಕ್ಕು ಬದಲಾವಣೆಯ ಪುಸ್ತಕ, ಆಕಾರ್‌ಬಂದ್ ಮುಂತಾದುವುಗಳ ನಕಲಿಗೆ ಅರ್ಜಿ ಕೊಡಬಹುದು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಅದಕ್ಕಿಂತ ಹಿಂದಿನ ಲೆಕ್ಕಗಳಲ್ಲಿ ಹಲವು ಮರಾಠಿ ಮೋಡಿಯಲ್ಲಿರುವುದರಿಂದ ಓದಬಲ್ಲವರ ನೆರವು ಬೇಕಾಗುತ್ತದೆ. ಹೊಳೆಯಾಚೆಯ ಊರುಗಳು 1818ಕ್ಕೆ ಮೊದಲು ಪೇಶ್ವೆಯರ ಆಳಿಕೆಯಲ್ಲಿದ್ದವು; ಆ ಕಾಲದ ದಫ್ತರಗಳು ಪುಣೆಯ ಪತ್ರಾಗಾರದಲ್ಲಿವೆ. ಅಷ್ಟು ಹಿಂದಕ್ಕೆ ಹೋಗುವ ತಾಳ್ಮೆ ಎಲ್ಲರಿಗೂ ಇರಲಾರದು. ಜಿಲ್ಲೆಗಳ ಎಲ್ಲೆ ಬದಲಾದುದನ್ನೂ ನೆನಪಿಡಬೇಕು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಹೊನ್ನಾಳಿ, ಚನ್ನಗಿರಿಗಳ ಹಿಂದಿನ ಕಾಗದಗಳು ಶಿವಮೊಗ್ಗ ಜಿಲ್ಲೆಯ ಹೆಸರಿನಲ್ಲಿರುತ್ತವೆ. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ನಿಮ್ಮ ಊರಿಗೆ ಹೆಳವರು ಬರುವುದಾದರೆ ಊರಿನವರಿಗೆ ಹೇಳಿಟ್ಟು, ಅವರಿಗೆ ಪೇಟೆಯ ವಿಳಾಸವನ್ನು ತಲುಪಿಸಿರಿ. ನಮ್ಮ ಹೆಳವರು ಕಳೆದ ಸಲ ಬಂದಾಗ ದಾವಣಗೆರೆಯ ಎಲ್ಲ ಮನೆಗಳ ಮಕ್ಕಳು ಮೊಮ್ಮಕ್ಕಳ ಹೆಸರುಗಳನ್ನೂ ಬರೆದುಕೊಂಡರು. ಹೆಣ್ಣುಮಕ್ಕಳ ಹೆಸರನ್ನೂ ಬರೆಯಬೇಕೆಂದಾಗ ಮೊದಲು ನಕ್ಕರು, ಆಮೇಲೆ ಬರೆದರು. ಚಿಕ್ಕಮುತ್ತಜ್ಜನ ಎರಡು ಹೆಸರುಗಳೂ ಈಗ ಅಲ್ಲಿವೆ.

ಆದರೆ ಬರದ ವರ್ಷ ಹೊಳೆ ದಾಟಿ ಬಂದು ಆ ಹುಡುಗನ ಕೈಹಿಡಿದು ಕರೆದೊಯ್ದ ಅತ್ತೆಯ ಹೆಸರು ಈವರೆಗೆ ಎಲ್ಲಿಯೂ ಸಿಕ್ಕಿಲ್ಲ. ನಮ್ಮ ಹೆಳವರ ಪುಸ್ತಕದಲ್ಲಿ ‘ಅತ್ತೆ’ ಎಂದಿದೆ. ಆಚೆಯವರ ಪುಸ್ತಕದಲ್ಲಿ ಗಂಡನ ಹೆಸರಿದೆ. ಉತಾರದಲ್ಲಿ ಅದೂ ಇಲ್ಲ. ಆ ಮನೆಯ ಹೊಲದಲ್ಲಿ ಜೋಡಿ ಸಮಾಧಿಯೊಂದಿದೆ. ಅಕ್ಷರಗಳಿದ್ದ ಕಡೆ ಕಲ್ಲು ಸವೆದಿದೆ. ಮುಂಗಾರಿಗೆ ಮುಂಚೆ ಅಚ್ಚುಹಾಕಿ ತೆಗೆದು ನೋಡಬೇಕೆಂದು ಆ ಮನೆಯ ಹುಡುಗರು ಹೇಳಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಹಳೆಯ ಅಂಗಡಿಗಳ ಕಡತಗಳನ್ನು ಓದುವ ಬಗೆಯನ್ನು ಕುರಿತು ಬರೆಯುವೆನು. ಮನೆಯಲ್ಲಿ ಕಡತಗಳಿರುವ ಓದುಗರು ಅವನ್ನು ಒರೆಸದೆ, ತೊಳೆಯದೆ ಹಾಗೆಯೇ ಇಟ್ಟಿರಬೇಕೆಂದು ವಿನಂತಿ. ಬಳಪದ ಬರಹ ಒದ್ದೆ ಬಟ್ಟೆಯ ಒಂದೇ ಒರೆಸಿಗೆ ಹೋಗುತ್ತದೆ.